ಪ್ರವೀಣ್ ಹೆಸರಿನ ರಕ್ತ

"ನಿಮ್ಮ ಹೆಂಡತಿ ರಕ್ತ ನಿಮ್ಮ ರಕ್ತ ಅಲ್ಲ ಸಾರ್."

ಸರಸ ಈ ಮಾತನ್ನು ದಿನಕ್ಕೆ ನಾಲ್ಕೈದು ಸಲ ಹೇಳುತ್ತಿದ್ದರು. ಹೆಚ್ಚಾಗಿ ತಮಿಳಿನಲ್ಲಿ, ಎದುರಿಗಿರುವವರು ನಮ್ಮವರೆಂದು ತಿಳಿದರೆ ಕನ್ನಡದಲ್ಲಿ. ಮದ್ರಾಸಿನ ಟಿ. ನಗರದ ಒಂದು ಹೆರಿಗೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಅವರು ೧೯೯೬ರಿಂದ ಟೆಕ್ನಿಷಿಯನ್. ನಾನು ೨೦೦೦ದಲ್ಲಿ ಅವರ ಕೈಕೆಳಗೆ ಸೇರಿದೆ. ಬಸುರಿಯರೆಲ್ಲರಿಗೂ ಎಚ್‌ಐವಿ ಪರೀಕ್ಷೆಯ ವಿಷಯ ತಿಳಿಸಿ, ಒಪ್ಪಿದವರ ರಕ್ತ ತೆಗೆಯುವುದು ನಮ್ಮಲ್ಲಿ ಆ ಹೊತ್ತಿಗೆ ವಾಡಿಕೆಯಾಗಿತ್ತು. ಗಂಡನೂ ಬರಲಿ ಎಂದು ಚೀಟಿ ಬರೆದು ಕಳಿಸುತ್ತಿದ್ದೆವು. ೨೦೦೨ರಲ್ಲಿ ಆರುನೂರ ನಲವತ್ತು ಹೆಂಗಸರು ರಕ್ತ ಕೊಟ್ಟರು. ಅವರ ಗಂಡಂದಿರಲ್ಲಿ ಬಂದವರು ಐವತ್ತೆಂಟು ಜನ. ಎಣಿಸಿದವರು ಸರಸ, ಸರಿಯೇ ಎಂದು ಮತ್ತೊಮ್ಮೆ ಎಣಿಸಿದವಳು ನಾನು.

ಬಾರದವರ ಮಾತುಗಳು ನಮಗೆ ಬಾಯಿಪಾಠವಾಗಿದ್ದವು. "ಇವಳದ್ದು ಬಂತಲ್ಲ, ನಂದೂ ಅದೇ." "ನನ್ನ ತೂಕ ಎಂಬತ್ತೆರಡು ಮೇಡಂ, ನೋಡಿದ್ರೆ ಗೊತ್ತಾಗಲ್ವಾ?" ವೇಲಚೇರಿಯಿಂದ ಬಂದಿದ್ದ ಒಬ್ಬ ಬ್ಯಾಂಕಿನ ಅಧಿಕಾರಿ, "ನಮ್ಮ ಮನೇಲಿ ಈರುಳ್ಳೀನೂ ತಿನ್ನಲ್ಲಮ್ಮ" ಎಂದ. ಸರಸ ಅವನ ಮುಖ ನೋಡಿ, "ಇದು ಈರುಳ್ಳಿಯಿಂದ ಬರಲ್ಲ ಸಾರ್" ಎಂದರು. ಇನ್ನೊಬ್ಬ ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದು ಕೂತ, ಅದರೊಳಗಿಂದಲೇ ಮಾತಾಡಿದ, ಹಾಗೆಯೇ ಎದ್ದು ಹೋದ. ಹೆಂಗಸರನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. "ಕೈ ಚಾಚಮ್ಮ" ಎಂದರೆ ಚಾಚುತ್ತಿದ್ದರು.

ಸರಸ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ತಂದೆ ಗೂಡ್ಸ್ ಗಾರ್ಡ್. ಮನೆಯೊಳಗೆ ಮೈಸೂರು ಕಡೆಯ ಕನ್ನಡ, ಹೊಸಿಲು ದಾಟಿದರೆ ತಮಿಳು. ಗಂಡ ಚಂದ್ರಶೇಖರ ವಿಮಾ ಕಚೇರಿಯಲ್ಲಿ ಗುಮಾಸ್ತರು. ೧೯೯೯ರ ಒಂದು ಭಾನುವಾರ ಬೆಳಿಗ್ಗೆ ಸರಸ ಗಂಡನನ್ನು ಊಟದ ಮೇಜಿನ ಮುಂದೆ ಕೂರಿಸಿ, ಕೇಳಿ, ಒಪ್ಪಿಸಿ, ರಕ್ತ ತೆಗೆದರು. "ನಮ್ಮ ಮನೇಲಿ ಕೇಳದೆ ಇನ್ನೊಬ್ಬರ ಮನೆಯವರನ್ನ ಯಾವ ಮುಖ ಇಟ್ಕೊಂಡು ಕೇಳಲಿ?" ಎಂದು ನನಗೆ ಹೇಳಿದ್ದರು. ಚಂದ್ರಶೇಖರ ಎರಡು ದಿನ ಮಾತು ಬಿಟ್ಟರಂತೆ. ಮೂರನೆಯ ದಿನ ತಾವಾಗಿಯೇ "ರಿಪೋರ್ಟ್ ಎಲ್ಲಿ?" ಎಂದರಂತೆ.

೨೦೦೩ರ ಜುಲೈನಲ್ಲಿ ಹರ್ಷಿಣಿ ಬಂದಳು. ಇಪ್ಪತ್ತೇಳು ವರ್ಷ, ಎರಡನೆಯ ಬಸಿರು, ಹನ್ನೆರಡನೆಯ ವಾರ. ನಮ್ಮ ಆಸ್ಪತ್ರೆಯಿಂದ ನಾಲ್ಕು ಬೀದಿ ಆಚೆ ಮಧ್ವರಾಜರ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯವರು, ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ. ಹರ್ಷಿಣಿ ಅವರ ಸೊಸೆ, ಮಗ ಪ್ರವೀಣನ ಹೆಂಡತಿ. ಅವಳ ರಕ್ತ ಓ ನೆಗೆಟಿವ್, ಎಚ್‌ಐವಿ ಇಲ್ಲ. ಫಲಿತಾಂಶ ಕೇಳಿದ ಮೇಲೂ ಅವಳು ಕುರ್ಚಿಯಿಂದ ಏಳಲಿಲ್ಲ.

"ಅಕ್ಕ, ಅವ್ರದ್ದು ಹೇಗಾದ್ರೂ ಗೊತ್ತಾಗ್ಬೇಕು."

"ಯಾಕಮ್ಮ, ಏನಾದ್ರೂ ಆಯ್ತಾ?"

ಹೋಟೆಲಿಗೆ ಶ್ರೀಪೆರಂಬದೂರಿನ ಹೆದ್ದಾರಿಯಲ್ಲಿ ಇನ್ನೊಂದು ಶಾಖೆ ಇತ್ತು. ಪ್ರವೀಣ್ ಎರಡು ವರ್ಷ ವಾರದಲ್ಲಿ ನಾಲ್ಕು ದಿನ ಅಲ್ಲೇ ಇರುತ್ತಿದ್ದ. ಜೊತೆಗೆ ಅಲ್ಲಿಯ ಮ್ಯಾನೇಜರ್, ಅವನ ಜೀವದ ಗೆಳೆಯ ಬದರಿನಾಥ. ಆ ಬದರಿನಾಥ ಮೇ ತಿಂಗಳಲ್ಲಿ ತೀರಿಕೊಂಡ. ಟಿಬಿ ಎಂದರು. ಹದಿನೈದನೆಯ ದಿನಕ್ಕೆ ಅವನ ಹೆಂಡತಿ ಹರ್ಷಿಣಿಗೆ ಫೋನ್ ಮಾಡಿ, "ಟಿಬಿ ಮಾತ್ರ ಅಲ್ಲ. ಅಲ್ಲಿಯ ಹೆಂಗಸ್ರ ಹತ್ರ ಇಬ್ರೂ ಜೊತೆಗೇ ಹೋಗ್ತಿದ್ದದ್ದು. ನೀನು ಪರೀಕ್ಷೆ ಮಾಡಿಸ್ಕೋ" ಎಂದಳಂತೆ.

"ಮೂರು ಸಲ ಕೇಳಿದೆ ಅಕ್ಕ. ನಂಗೆ ಹುಚ್ಚು ಅಂದ್ರು. ಈಗ ನಂದು ಇಲ್ಲ ಅಂತ ಬಂತು, ಸರಿ. ನಾಳೆಗೆ? ಇದು ಒಂದು ಹೊಟ್ಟೆಯಲ್ಲಿ ಉಂಟು, ಇದಕ್ಕೆ ಎಂತದೂ ಆಗ್ಬಾರ್ದು."

ಅವಳ ಲೆಕ್ಕ ಸರಿಯಾಗಿತ್ತು. ಇಂದಿನ ಫಲಿತಾಂಶ ಇಂದಿನವರೆಗಿನದು. ಅದೂ ಪೂರ್ತಿಯಾಗಿ ಅಲ್ಲ, ಸೋಂಕು ರಕ್ತದಲ್ಲಿ ಕಾಣಿಸಲು ಮೂರು ತಿಂಗಳವರೆಗೂ ಬೇಕಾಗಬಹುದು. ಗಂಡನಿಗೆ ಇದ್ದರೆ ಬಸಿರಿನ ನಡುವೆಯೂ ಅವಳಿಗೆ ತಗಲಬಹುದು, ಅವಳಿಂದ ಮಗುವಿಗೆ. ಡಾಕ್ಟರ್ ಕೌಸಲ್ಯಾ ಅವಳ ಫೈಲಿನಲ್ಲಿ ಗಂಡನಿಗೆ ಎರಡು ಪರೀಕ್ಷೆ ಬರೆದರು. ಒಂದು ಎಚ್‌ಐವಿ. ಇನ್ನೊಂದು ರಕ್ತದ ಗುಂಪು, ಏಕೆಂದರೆ ತಾಯಿ ನೆಗೆಟಿವ್ ಗುಂಪಿನವಳಾಗಿ ತಂದೆ ಪಾಸಿಟಿವ್ ಆದರೆ ಇಪ್ಪತ್ತೆಂಟನೆಯ ವಾರ ತಾಯಿಗೆ ಆಂಟಿ-ಡಿ ಎಂಬ ಇಂಜೆಕ್ಷನ್ ಕೊಡಬೇಕು. ಕೊಡದಿದ್ದರೆ ಮಗುವಿನ ರಕ್ತಕ್ಕೆ ತಾಯಿಯ ಮೈಯೇ ಶತ್ರುವಾಗುವ ಸಂಭವವಿದೆ.

ಮೂರು ವಾರದ ಮೇಲೆ ಬೆಳಿಗ್ಗೆ ಏಳಕ್ಕೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ, ಗಂಡನಿಗೆಂದು ಬರೆದುಕೊಟ್ಟಿದ್ದ ಚೀಟಿ ಹಿಡಿದು ಬಂದ. ಸರಸ ತಮಿಳಿನಲ್ಲಿ ಹೆಸರು ಕೇಳಿದರು. "ಪ್ರವೀಣ್" ಎಂದ. ಪರೀಕ್ಷೆ ಏನೆಂದು ವಿವರಿಸಿದರು. "ಸೆರಿ, ಸೆರಿ" ಎಂದ. ಸಹಿ ಹಾಕಿದ. ಸೂಜಿ ಚುಚ್ಚುವಾಗ ಮುಖ ತಿರುಗಿಸಲಿಲ್ಲ, ಅದು ಗಂಡಸರಲ್ಲಿ ಅಪರೂಪ. ಮುಂಗೈಯಿಂದ ಮೊಣಕೈವರೆಗೆ ಹಳೆಯ ಸುಟ್ಟ ಗುರುತುಗಳಿದ್ದವು. ಗಲ್ಲಾದ ಮೇಲೆ ಕೂರುವ ಯಜಮಾನರ ಮಗನಿಗೆ ಈ ಗುರುತು ಎಲ್ಲಿಂದ ಎಂದು ಸರಸರಿಗೆ ಒಂದು ಕ್ಷಣ ಅನಿಸಿತಂತೆ. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಸರಸ ಕೇಳಲಿಲ್ಲ.

ಸಂಜೆ ಅವನೇ ಬಂದು ರಿಪೋರ್ಟ್ ಒಯ್ದ. ಎಚ್‌ಐವಿ ಇಲ್ಲ. ಗುಂಪು ಬಿ ನೆಗೆಟಿವ್.

ಮರುದಿನ ಹರ್ಷಿಣಿ ಹೋಟೆಲಿನಿಂದ ಒಂದು ಡಬ್ಬಿ ಕಾಶಿ ಹಲ್ವ ತಂದಳು. "ನೆಗೆಟಿವ್ ಅಕ್ಕ! ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದ್ರು. ಕಾಗದದಲ್ಲಿ ಎರಡೆರಡು ಕಡೆ ನೆಗೆಟಿವ್ ಉಂಟು ಅಂತ ಇವ್ರು ಎಲ್ರಿಗೂ ತೋರಿಸ್ತಾ ಇದ್ದಾರೆ." ನಾವು ನಕ್ಕೆವು. ಡಾಕ್ಟರ್ ಕೌಸಲ್ಯಾ ರಿಪೋರ್ಟ್ ನೋಡಿ, ಇಬ್ಬರೂ ನೆಗೆಟಿವ್ ಗುಂಪು ಎಂದು ಆಂಟಿ-ಡಿ ಬರೆದಿದ್ದ ಸಾಲಿನ ಮೇಲೆ ಗೆರೆ ಎಳೆದರು.

ಫೈಲು ಮತ್ತೆ ಲ್ಯಾಬ್‌ಗೆ ಬಂದಾಗ ಸರಸ ಅದರ ಹಿಂದಿನ ಹಾಳೆಗಳನ್ನು ತಿರುವಿದರು. ಮೊದಲ ಹೆರಿಗೆ ಊರಿನಲ್ಲಿ ಆಗಿತ್ತು. ಆ ಹಾಳೆಯಲ್ಲಿ ಹೀಗಿತ್ತು: ಹೆಣ್ಣು ಮಗು, ಓ ಪಾಸಿಟಿವ್.

ಅವರು ನನ್ನನ್ನು ಕರೆದು ಬೆರಳಿಟ್ಟು ತೋರಿಸಿದರು. ನೆಗೆಟಿವ್ ತಾಯಿಗೂ ನೆಗೆಟಿವ್ ತಂದೆಗೂ ಪಾಸಿಟಿವ್ ಮಗು ಹುಟ್ಟುವುದಿಲ್ಲ. ಬಿ.ಎಸ್ಸಿ.ಯ ಎರಡನೆಯ ವರ್ಷದ ಪಾಠ.

ಸರಸ ಮೊದಲು ತಮ್ಮ ಕೆಲಸವನ್ನೇ ಅನುಮಾನಿಸಿದರು. ಫ್ರಿಜ್‌ನಲ್ಲಿದ್ದ ಆ ಸೀಸೆ ತೆಗೆದು, ಬೇರೆ ಕಂಪನಿಯ ದ್ರಾವಣದಿಂದ ಮತ್ತೆ ಗುಂಪು ನೋಡಿದರು. ಕೆಲವರಲ್ಲಿ ಪಾಸಿಟಿವ್ ಅಂಶ ದುರ್ಬಲವಾಗಿದ್ದು ಸಾಮಾನ್ಯ ಪರೀಕ್ಷೆಗೆ ಸಿಗುವುದಿಲ್ಲ, ಅದನ್ನೂ ಹುಡುಕಿದರು. ಬಿ ನೆಗೆಟಿವೇ. ಹರ್ಷಿಣಿಯ ಮಗಳನ್ನು ಕರೆತರಿಸಿ, ಶಾಲೆಯ ಕಾರ್ಡಿಗೆ ಬೇಕಾಗುತ್ತದೆ ಎಂದು ಬೆರಳ ತುದಿಯ ಒಂದು ಹನಿ ತೆಗೆದರು. ಓ ಪಾಸಿಟಿವೇ. ಆಗ ಅವರಿಗೆ ಆ ಸುಟ್ಟ ಕೈ ನೆನಪಾಯಿತು.

ಹೋಟೆಲಿಗೆ ಫೋನ್ ಮಾಡಿ, ಸ್ಯಾಂಪಲ್ ಹೆಪ್ಪುಗಟ್ಟಿದೆ, ಪ್ರವೀಣ್ ಇನ್ನೊಮ್ಮೆ ಬರಬೇಕು ಎಂದರು. ಎರಡು ದಿನ ಬಿಟ್ಟು ಅದೇ ಬಿಳಿ ಅಂಗಿ ಬಂತು. ಸರಸ ಈ ಸಲ ತಮಿಳು ಬಿಟ್ಟು ಕನ್ನಡ ಹಿಡಿದರು.

"ತಿಂಡಿ ಆಯ್ತಾ?"

"ಹೌದ್ರಿ."

"ನಿಮ್ಮೂರು ಯಾವ ಕಡೆ ಅಂದ್ರಿ?"

"ಉಡುಪಿ ರೀ."

ಸರಸ ಸೂಜಿ ಕೆಳಗಿಟ್ಟರು. "ಉಡುಪಿಯವರು ಯಾವತ್ತಿಂದ 'ಹೌದ್ರಿ' ಅನ್ನೋಕೆ ಶುರು ಮಾಡಿದ್ರಪ್ಪ?"

ಅವನು ನೆಲ ನೋಡಿದ. ಹೆಸರು ಅಂದಾನಿ, ಊರು ಗದಗಿನ ಕಡೆ, ಮಧ್ವರಾಜರ ಹೋಟೆಲಿನಲ್ಲಿ ಆರು ವರ್ಷದಿಂದ ದೋಸೆ ಕಾವಲಿಯ ಮುಂದೆ ಕೆಲಸ. ಮೋಸ ಮಾಡುತ್ತಿದ್ದೇನೆಂದು ಅವನಿಗೆ ಅನಿಸಿರಲಿಲ್ಲ.

"ಸಣ್ಣ ಸಾವ್ಕಾರ್ರು ಸೂಜಿಗೆ ಅಂಜತಾರ್ರಿ ಅಕ್ಕಾರ. ನಂದು ಭಾಳ ಕಿಮ್ಮತ್ತಿನ ರಕ್ತ, ಯಾರಿಗೂ ಸಿಗೂದಿಲ್ಲ. ಎಂಟು ಸಲ ಕೊಟ್ಟೀನಿ. ಬಸುರಿ ಅಕ್ಕಾರಿಗೆ ಬೇಕಂತ, ಹೋಗಿ ಕೊಟ್ಟು ಬಾ ಅಂದ್ರು. ಅಂಗೀನೂ ಅವರದಽ ರೀ."

"ಸೂಜಿಗೆ ಅಂಜೋರಾ? ನಾನು ಪರೀಕ್ಷೆ ಯಾವುದು ಅಂತ ಹೇಳಿದ್ನಲ್ಲ?"

"ನಿಮ್ಮ ತಮಿಳು ಭಾಳ ಫಾಸ್ಟ್ ರೀ."

ಸರಸರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹರ್ಷಿಣಿಯ ಗುಟ್ಟುಗಳನ್ನು ಹೇಳುವಂತಿರಲಿಲ್ಲ. "ನೀವು ಆ ಹೆಸರಲ್ಲಿ ರಕ್ತ ಕೊಟ್ಟಿದ್ದಕ್ಕೆ ಒಬ್ಬ ಬಸುರಿಗೆ ಹಾಕಬೇಕಾದ ಇಂಜೆಕ್ಷನ್ ತಪ್ಪಿಹೋಗ್ತಿತ್ತು. ಇನ್ಮೇಲೆ ರಕ್ತ ಕೊಡೋದಾದ್ರೆ ನಿಮ್ಮ ಹೆಸರಲ್ಲೇ ಕೊಡಿ" ಎಂದಷ್ಟೇ ಹೇಳಿದರು. ಅಂದಾನಿ ಗಲ್ಲ ಗಲ್ಲ ಬಡಿದುಕೊಂಡು ಹೋದ.

ನೂರು ಗಂಡಸರನ್ನು ನಿಲ್ಲಿಸಿದರೆ ತೊಂಬತ್ತನಾಲ್ಕು ತೊಂಬತ್ತೈದು ಜನ ಪಾಸಿಟಿವ್ ಗುಂಪಿನವರು. ಅವರಲ್ಲಿ ಹೆಚ್ಚುಕಡಿಮೆ ಯಾರನ್ನು ಕಳಿಸಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಪ್ರವೀಣ್ ಉಳಿದ ಐದಾರರಲ್ಲಿ ಒಬ್ಬನನ್ನು ಆರಿಸಿದ್ದ. ಹಾಗಾದರೆ ಹಿಂದಿನ ವರ್ಷದ ಆ ಐವತ್ತೆಂಟು ಗಂಡಂದಿರಲ್ಲಿ ನಿಜವಾಗಿ ತಾವೇ ಬಂದವರು ಎಷ್ಟು? ಆ ದಿನ ಸರಸ ಲ್ಯಾಬಿನ ದಾಖಲೆ ಪುಸ್ತಕವನ್ನು ಮುಚ್ಚಿ ಮೇಜಿನ ಮೇಲೆ ಬಡಿದ ಸದ್ದು ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು.

ಮಧ್ಯಾಹ್ನ ಮೂರೂವರೆಗೆ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಅವರು ಹೋಟೆಲಿಗೆ ಹೋದರು. ಪ್ರವೀಣ್ ಅವರನ್ನು ಫ್ಯಾಮಿಲಿ ರೂಮಿಗೆ ಕರೆದೊಯ್ದ.

"ಕೂತ್ಕೊಳ್ಳಿ ಮಾರಾಯ್ರೆ. ಕಾಫಿ ಹೇಳ್ತೇನೆ."

"ಕಾಫಿ ಬೇಡ. ನಿಮ್ಮ ಹೆಸರಲ್ಲಿ ಬಂದ ರಕ್ತ ನಿಮ್ಮದಲ್ಲ."

"ಯಾರು ಹೇಳಿದ್ದು? ಅಂದಾನಿಯಾ?"

"ರಕ್ತಾನೇ ಹೇಳ್ತು."

ಅವನು ನಂಬುವ ಹಾಗಿರಲಿಲ್ಲ. ಸರಸ ಕೈಚೀಲದಿಂದ ಒಂದು ಹಾಳೆ ತೆಗೆದು, ಅಭ್ಯಾಸಬಲದಿಂದ ಅಚ್ಚುಕಟ್ಟಾಗಿ ಬರೆದರು. ಮೇಲೆ ಒಂದು ವಾಕ್ಯ: ಈ ರಕ್ತ ಪ್ರವೀಣ್ ಅವರದ್ದಲ್ಲ. ಕೆಳಗೆ ಇನ್ನೊಂದು: ಇದು ಪ್ರವೀಣ್ ಅವರದ್ದೇ ಆದರೆ ಮೊದಲ ಮಗು ಅವರದ್ದಲ್ಲ. "ಎರಡರಲ್ಲಿ ಒಂದೇ ನಿಜ. ಯಾವುದು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಎಚ್‌ಐವಿ ಇದ್ದರೂ ಈಗ ಔಷಧಿ ಇದೆ, ಮಗೂನ ಕಾಪಾಡೋ ದಾರಿ ಇದೆ. ನಾಳೆ ಬೆಳಿಗ್ಗೆ ಬನ್ನಿ. ಐದು ಎಂಎಲ್, ಎರಡು ನಿಮಿಷ. ಹಳೇ ಕಾಗದ ನಾನೇ ಹರಿದು ಹಾಕ್ತೀನಿ."

ಪ್ರವೀಣ್ ಹಾಳೆಯನ್ನು ಓದಿದ, ಮಡಚಿದ, ಅಂಗಿಯ ಜೇಬಿಗೆ ಹಾಕಿಕೊಂಡ. "ನೋಡುವ" ಎಂದ.

ಅವನು ಬರಲಿಲ್ಲ. ಐದನೆಯ ದಿನ ಹರ್ಷಿಣಿ ಬಂದಳು. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ಸರಸರ ಮುಂದಿಟ್ಟಳು. ಅದೇ ಹಾಳೆ, ಅದೇ ಅಕ್ಷರ. ಆದರೆ ಮೇಲಿನ ಅರ್ಧ ಹರಿದಿತ್ತು. ಉಳಿದದ್ದು ಎರಡನೆಯ ವಾಕ್ಯ, ಅದರಲ್ಲೂ ಕೊನೆಯ ಮೂರು ಪದ: ಮೊದಲ ಮಗು ಅವರದ್ದಲ್ಲ.

"ನಾನು ಮತ್ತೆ ಕೇಳಿದೆ ಅಕ್ಕ, ನಿಜ ಹೇಳಿ, ನೀವೇ ಹೋಗಿದ್ರಾ ಅಂತ. ಅದಕ್ಕೆ ಇದನ್ನು ತೆಗ್ದು ಅತ್ತೆ ಮಾವನ ಎದುರು ಇಟ್ರು. ಲ್ಯಾಬಿನವ್ರೇ ಬರ್ದು ಕೊಟ್ಟದ್ದು, ಈಗ ಯಾರ ರಕ್ತ ನೋಡ್ಬೇಕು ಹೇಳು ಅಂದ್ರು." ಕಾಗದವನ್ನು ಬೆರಳಿಂದ ಇನ್ನಷ್ಟು ಮುಂದೆ ತಳ್ಳಿದಳು. "ಇದು ನಿಮ್ಮ ಅಕ್ಷರವಾ?"

ಸರಸ ಹೌದೆಂದರು. ಇಷ್ಟು ವರ್ಷ ಲ್ಯಾಬ್‌ನಲ್ಲಿ ಇರಬಹುದಾದ ಎಲ್ಲ ಸಾಧ್ಯತೆಗಳನ್ನು ಬರೆಯುವುದನ್ನೇ ಕಲಿತವರು. ಒಂದು ಸೂಜಿಯಿಂದ ತಪ್ಪಿಸಿಕೊಳ್ಳಲು ಒಬ್ಬ ಗಂಡಸು ತನ್ನ ನಾಲ್ಕು ವರ್ಷದ ಮಗಳನ್ನು ಬೇರೆಯವರದೆಂದು ಹೇಳಿಯಾನು ಎಂಬ ಸಾಧ್ಯತೆ ಅವರ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ನನಗೆ, "ನಾನೇ ಬರೆದು ಅವನ ಕೈಗೆ ಕೊಟ್ಟೆ" ಎಂದರು. ಆ ಮಾತನ್ನು ಮುಂದೆಯೂ ಹಲವು ಸಲ ಹೇಳಿದರು.

ಆ ದಿನ ಮಾತ್ರ ಅವರು ಹೊಸ ಹಾಳೆ ತೆಗೆದು ಮೊದಲ ವಾಕ್ಯವನ್ನು ಮತ್ತೆ ಬರೆದು, ಸಹಿ ಹಾಕಿ, ಮೊಹರು ಒತ್ತಿ, ಹರ್ಷಿಣಿಗೆ ಓದಿ ಹೇಳಿದರು. ಹರ್ಷಿಣಿ ವೇಲಚೇರಿಯಲ್ಲಿದ್ದ ತಾಯಿ ಲೀಲಮ್ಮನ ಮನೆಗೆ ಹೋದಳು. ಅದು ಬಸಿರಿನ ಹದಿನೇಳನೆಯ ವಾರ.

ಮಾತು ಹೋಟೆಲಿನ ಅಡುಗೆಮನೆಗೂ ತಲುಪಿತು. ಎರಡು ದಿನಕ್ಕೆ ಅಂದಾನಿ ಲ್ಯಾಬ್‌ಗೆ ಬಂದ. ಈ ಸಲ ತನ್ನದೇ ಅಂಗಿ, ಹೆಗಲ ಮೇಲೆ ಟವೆಲು.

"ಅಕ್ಕಾರ, ನನ್ನ ರಕ್ತ ತಗೀರಿ. ನನ್ನ ಹೆಸರಿಗೆ ಕಾಗದ ಕೊಡ್ರಿ. ದೊಡ್ಡದಾಗಿ ಬರೀರಿ, ಸಾವ್ಕಾರ್ರಿಗೆ ಕಣ್ಣು ಮಂಜ ಅದಾವು."

"ಕೆಲಸ ಹೋಗುತ್ತೆ ಅಂದಾನಿ."

"ದೋಸೆ ಹೊಯ್ಯಾಂವಗ ಮದ್ರಾಸಿನ್ಯಾಗ ಕೆಲಸ ಇಲ್ಲೇನ್ರಿ? ಸಣ್ಣ ಸಾವ್ಕಾರ್ರ ಮಗಳು ದಿನಾ ನನ್ನ ಕೈಯ್ಯಾಗ ಸಣ್ಣ ದೋಸಿ ಮಾಡಿಸ್ಕೊಂಡು ತಿಂದಾಳ್ರಿ. ನನ್ನ ರಕ್ತದಿಂದ ಆ ಕೂಸಿಗೆ ಕೆಟ್ಟ ಮಾತು ಬರಬೇಕೇನ್ರಿ?"

ಅಂದಾನಿ, ಬಿ ನೆಗೆಟಿವ್. ಆ ಕಾಗದವನ್ನು ಅವನು ಮಧ್ಯಾಹ್ನದ ಊಟದ ಗದ್ದಲದಲ್ಲೇ ಮಧ್ವರಾಜರ ಮೇಜಿನ ಮೇಲಿಟ್ಟು, "ಆ ರಕ್ತ ನಂದ್ರಿ ಸಾವ್ಕಾರ್ರ! ಸಣ್ಣವರು ಕಳಿಸಿದ್ದಕ್ಕ ಕೊಟ್ಟೆ" ಎಂದು ಗಟ್ಟಿಯಾಗಿ ಹೇಳಿದನಂತೆ. ಊಟ ಮಾಡುತ್ತಿದ್ದ ತಮಿಳರು ಸಾಂಬಾರಿಗೇನೋ ಆಗಿದೆ ಎಂದು ತಟ್ಟೆ ನೋಡಿಕೊಂಡರಂತೆ. ವಾರದೊಳಗೆ ಅವನು ಎಗ್ಮೋರ್ ಸ್ಟೇಷನ್ನಿನ ಎದುರಿನ ಇನ್ನೊಂದು ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತಿದ್ದ.

ಮಧ್ವರಾಜರು ಸಭ್ಯರು. ಹೆಂಡತಿಯನ್ನು ಕರೆದುಕೊಂಡು ವೇಲಚೇರಿಗೆ ಹೋಗಿ ಸೊಸೆಯ ಮುಂದೆ ಕೈ ಮುಗಿದರು. ಹಣ್ಣು, ಹೂವು, ರವಿಕೆ ಕಣ ತಂದಿದ್ದರು. ಆ ದಿನ ಹರ್ಷಿಣಿಯ ಬಿ.ಪಿ. ನೋಡಲು ಸರಸರೂ ಅಲ್ಲಿಗೆ ಹೋಗಿದ್ದರು.

"ಆಯ್ತಲ್ಲ ಮಗಾ, ಮಗು ನಮ್ಮದೇ ಅಂತ ಆಯ್ತಲ್ಲ. ಇನ್ನೆಂತ? ಬಾ, ಹೋಗುವ" ಎಂದರು ಅತ್ತೆ.

"ನಾನು ಕೇಳಿದ್ದು ಅದಲ್ಲ ಅತ್ತೆ. ಮಗು ಯಾರದ್ದು ಅಂತ ನಂಗೆ ಮೊದ್ಲೇ ಗೊತ್ತಿತ್ತು. ಅವ್ರ ರಕ್ತ ಎಲ್ಲಿ?"

ಲೀಲಮ್ಮ ಮಗಳ ತೋಳು ಹಿಡಿದು, "ಸ್ವಲ್ಪ ಹೊಂದ್ಕೊಂಡು ಹೋಗು, ಗಂಡಸ್ರಿಗೆ ಮರ್ಯಾದೆ ಅಂತ ಒಂದಿರ್ತದೆ" ಎಂದರು.

ಸರಸ ಬಿ.ಪಿ. ಯಂತ್ರದ ಪಟ್ಟಿ ಸುತ್ತುತ್ತಿದ್ದವರು ತಲೆಯೆತ್ತಿದರು. "ಮರ್ಯಾದೆನಾ? ಮಗಳ ಮರ್ಯಾದೆ ಊರಿಗೆಲ್ಲ ಹಂಚಿ ಕಾಪಾಡ್ಕೊಂಡಿದ್ದಾರಲ್ಲ, ಆ ಮರ್ಯಾದೆನಾ? ಐದು ಎಂಎಲ್ ರಕ್ತದ ಮರ್ಯಾದೆ ಅಮ್ಮ ಅದು. ಒಂದು ಟೀ ಚಮಚ." ಮಧ್ವರಾಜರು ತಲೆ ತಗ್ಗಿಸಿದರು. ಅವರು ಮನೆಗೆ ಹೋಗಿ ಮಗನಿಗೆ ಏನು ಹೇಳಿದರೋ ಗೊತ್ತಿಲ್ಲ. ಪ್ರವೀಣ್, "ಊರಲ್ಲೇ ಮಾಡಿಸ್ತೇನೆ" ಎಂದು ರೈಲು ಹತ್ತಿದ. ಊರಿನಿಂದ ಯಾವ ಕಾಗದವೂ ಬರಲಿಲ್ಲ.

ಇಪ್ಪತ್ತೆಂಟನೆಯ ವಾರ ಹರ್ಷಿಣಿಗೆ ಆಂಟಿ-ಡಿ ಕೊಟ್ಟೆವು. ಮೂವತ್ತೆರಡನೆಯ ವಾರ, ಡಿಸೆಂಬರಿನ ಮೊದಲ ಸೋಮವಾರ, ಎಚ್‌ಐವಿಗೆ ಮತ್ತೆ ರಕ್ತ ತೆಗೆದೆವು. ಅವಳು ಆ ಮನೆ ಬಿಟ್ಟು ಹದಿನೈದು ವಾರವಾಗಿತ್ತು. ಸೋಂಕು ಇದ್ದಿದ್ದರೆ ಈಗ ಕಾಣಿಸಲೇಬೇಕು. ಸರಸ ಎರಡು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿದರು. ಎರಡನ್ನೂ ನನಗೆ ತೋರಿಸಿದರು. ಆಮೇಲೆ ಬಾಗಿಲು ಹಾಕಿ ಅವಳ ಎದುರು ಕೂತರು.

"ಇಲ್ಲ ಹರ್ಷಿಣಿ. ನಿನಗಿಲ್ಲ."

ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಉಸಿರು ಬಿಟ್ಟಳು. ಆಮೇಲೆ, "ನಿನ್ನೆ ಇವ್ರು ಫೋನ್ ಮಾಡಿದ್ರು ಅಕ್ಕ. ನಿನ್ನದು ಇಲ್ಲ ಅಂತ ಬಂದ್ರೆ ನಂದೂ ಇಲ್ಲ ಅಂತಲೇ ಆಯ್ತಲ್ಲ, ಮನೆಗೆ ಬಾ ಅಂದ್ರು" ಎಂದಳು.

ಸರಸ ಫೈಲಿನಲ್ಲಿ ತಾರೀಖು ಬರೆದು ಅಡಿಗೆರೆ ಎಳೆಯುವಾಗ ಪೆನ್ನು ಹಾಳೆಯನ್ನು ತೂತು ಮಾಡಿತು.

"ಈ ಪರೀಕ್ಷೆ ಇನ್ನೂ ಮಾಡಿಸ್ತಾ ಇರ್ಬೇಕಾ ಅಕ್ಕ?"

"ಅವರು ರಕ್ತ ಕೊಡದೇ ಇದ್ದು, ನೀನು ಆ ಮನೆಗೆ ವಾಪಸ್ ಹೋದ್ರೆ ಮಾಡಿಸಬೇಕಮ್ಮ. ಹೋಗದೇ ಇದ್ರೆ ಬೇಕಾಗಿಲ್ಲ."

"ಹಾಗಾದ್ರೆ ಬೇಡ" ಎಂದಳು ಹರ್ಷಿಣಿ, ಚಪ್ಪಲಿ ಹುಡುಕುತ್ತಾ.